ಕ್ಲಬ್ಬಿಗೆ ಕೇಳಿಸದ ಉದ್ದ ಸ್ವರ

ದೆವ್ವ, ಗಾಳಿಸೋಕು, ಕನಸಿನ ಸೂಚನೆ ಇವುಗಳ ಬಗ್ಗೆ ಯಾರಾದರೂ ಮಾತು ತೆಗೆದರೆ ಎದ್ದು ಹೋಗುವ ಪೈಕಿ ನಾನು. ಹಲಸೂರಿನಲ್ಲಿ ಹುಟ್ಟಿ ಬೆಳೆದವನಿಗೆ ಇಂಥ ಕಥೆಗಳಿಗೇನೂ ಬರವಿರಲಿಲ್ಲ. ಕೆರೆ ಏರಿಯ ಮೇಲೊಬ್ಬಳು, ಹುಣಿಸೆ ತೋಪಿನಲ್ಲೊಬ್ಬ, ದಂಡಿನ ಗೋರಿಗಳ ಹತ್ತಿರ ತಲೆಯಿಲ್ಲದ ಕುದುರೆ ಸವಾರ, ಹೀಗೆ ನಮ್ಮ ಹಿರಿಯರು ಬೀದಿಗೊಂದು ದೆವ್ವವನ್ನು ಹಂಚಿಟ್ಟಿದ್ದರು. ಆ ದಾರಿಗಳಲ್ಲೆಲ್ಲ ನಾನು ಹೊತ್ತಲ್ಲದ ಹೊತ್ತಿನಲ್ಲಿ ವರ್ಷಗಟ್ಟಲೆ ಸೈಕಲ್ ತುಳಿದಿದ್ದೇನೆ. ನಾಯಿಗಳನ್ನು ಬಿಟ್ಟರೆ ಬೇರೆ ಯಾರೂ ನನ್ನನ್ನು ಅಟ್ಟಿಸಿಕೊಂಡು ಬಂದದ್ದಿಲ್ಲ.

ಆದ್ದರಿಂದ ಈಗ ಬರೆಯುತ್ತಿರುವುದನ್ನು ಓದಿ ನೀವು ನಕ್ಕರೆ ನನಗೆ ಬೇಸರವಿಲ್ಲ. ಬೇರೆಯವರು ಹೇಳಿದ್ದರೆ ನಾನೂ ನಗುತ್ತಿದ್ದೆ. ತೊಂದರೆಯೆಂದರೆ ಇದು ನನಗೇ ಆದದ್ದು. ಇದರಲ್ಲಿ ನಾನು ಒಳ್ಳೆಯವನಾಗಿಯೂ ಕಾಣುವುದಿಲ್ಲ. ಕಥೆ ಕಟ್ಟುವವನು ಸಾಮಾನ್ಯವಾಗಿ ತನ್ನನ್ನು ತಾನು ಸ್ವಲ್ಪ ಚೆನ್ನಾಗಿ ತೋರಿಸಿಕೊಳ್ಳುತ್ತಾನೆ ಎಂಬುದನ್ನಾದರೂ ಓದುವಾಗ ನೆನಪಿನಲ್ಲಿಡಿ.

ನಮ್ಮದು ವಾಲಗದವರ ಮನೆ. ಅಪ್ಪ ದೇವಸ್ಥಾನದಲ್ಲೂ ಮದುವೆಗಳಲ್ಲೂ ನಾಗಸ್ವರ ನುಡಿಸುತ್ತಿದ್ದರು. ವಾಲಗದಲ್ಲಿ ಶ್ರುತಿ ಹಿಡಿಯುವವನು ಅಂತ ಒಬ್ಬನಿರುತ್ತಾನೆ. ಯಾರೂ ಅವನ ಕಡೆ ನೋಡುವುದಿಲ್ಲ. ಅವನದು ಒಂದೇ ಸ್ವರ. ಆದರೆ ಅದು ನಡುವೆ ಕಡಿಯಬಾರದು. ಕೆನ್ನೆಯಲ್ಲಿ ಗಾಳಿ ಕೂಡಿಟ್ಟುಕೊಂಡು, ಅದನ್ನು ಊದುತ್ತಿರುವಾಗಲೇ ಮೂಗಿನಿಂದ ಹೊಸ ಉಸಿರು ಎಳೆದುಕೊಳ್ಳಬೇಕು. ಅದನ್ನು ಕಲಿಸಲು ಅಪ್ಪ ಒಂದು ಚೊಂಬು ನೀರನ್ನೂ ಒಂದು ಪರಂಗಿ ಎಲೆಯ ದಂಟನ್ನೂ ಕೊಡುತ್ತಿದ್ದರು. ದಂಟಿನ ತುದಿಯನ್ನು ನೀರಿನಲ್ಲಿಟ್ಟು ಊದಬೇಕು, ಗುಳ್ಳೆಗಳು ಏಳುತ್ತಲೇ ಇರಬೇಕು. ನನ್ನ ಅಣ್ಣ ಮುನಿರಾಜ ಚಿಕ್ಕಂದಿನಲ್ಲೇ ಅದನ್ನು ಸಾಧಿಸಿಬಿಟ್ಟ. ಅವನ ಚೊಂಬು ಒಲೆಯ ಮೇಲಿಟ್ಟಂತೆ ಕುದಿಯುತ್ತಲೇ ಇರುತ್ತಿತ್ತು. ನನ್ನ ಗುಳ್ಳೆಗಳು ನಿಂತು ನಿಂತು ಏಳುತ್ತಿದ್ದವು. ಅಪ್ಪ ಮೊಟಕಿ ಮೊಟಕಿ ಕೊನೆಗೆ ಕೈಬಿಟ್ಟರು. ಆ ವಿದ್ಯೆ ನನಗೆ ಬರಲೇ ಇಲ್ಲ.

ಅಪ್ಪ ಹೋದ ಮೇಲೆ ಅಣ್ಣ ದಂಡಿನ ಬ್ಯಾಂಡಿಗೆ ಸೇರಿ ಕ್ಲಾರಿನೆಟ್ ಕಲಿತ, ಇಂಗ್ಲಿಷರ ಸ್ವರಲಿಪಿ ಓದುವುದನ್ನು ಕಲಿತ. ಅವನಿಂದ ನಾನೂ ಎರಡನ್ನೂ ಕಲಿತೆ. ಎರಡನೆಯ ಮಹಾಯುದ್ಧ ಶುರುವಾಗುವ ಹೊತ್ತಿಗೆ ನಾವಿಬ್ಬರೂ ಕುಕ್ ಟೌನಿನ ಕಡೆಯ ಒಂದು ಕ್ಲಬ್ಬಿನಲ್ಲಿ ಶನಿವಾರದ ಬ್ಯಾಂಡಿಗೆ ಸೇರಿದ್ದೆವು. ಕ್ಲಬ್ಬಿನ ಹೆಸರು ಬೇಡ. ಕಟ್ಟಡವೂ ಈಗಿಲ್ಲ, ಅಲ್ಲಿ ಕುಣಿದವರೂ ಇಲ್ಲ. ರೈಲ್ವೆಯ ದೊಡ್ಡ ಅಧಿಕಾರಿಗಳು, ಪಿಂಚಣಿ ಪಡೆದ ಬಿಳಿಯರು, ಯುದ್ಧಕ್ಕೆಂದು ಬಂದಿಳಿದ ಮಿಲಿಟರಿ ಆಫೀಸರುಗಳು ಅಲ್ಲಿಗೆ ಬರುತ್ತಿದ್ದರು. ಸಂಜೆ ಆರೂವರೆಗೆ ಶುರುವಾದರೆ ಒಂಬತ್ತು, ಒಂಬತ್ತೂವರೆಗೆ ಮುಗಿಯುತ್ತಿತ್ತು.

ಬ್ಯಾಂಡಿನ ಯಜಮಾನ ಗೋವೆಯ ಕಡೆಯ ಪಿಂಟೋ ಮಾಸ್ಟರು. ಪಿಯಾನೋ ನುಡಿಸುತ್ತಿದ್ದರು. ಅವರೂ, ಕಹಳೆಯವರೂ, ಪಿಟೀಲಿನವರೂ ಕೋಟು ಹಾಕಿಕೊಂಡು ಮುಂದೆ ಕೂರುತ್ತಿದ್ದರು. ಅವರ ಹಿಂದೆ ಒಂದು ಬಿದಿರಿನ ಪರದೆ, ಅದರ ಮುಂದೆ ಹೂಕುಂಡಗಳು. ಪರದೆಯ ಹಿಂದೆ ನಾವು ಮೂವರು: ಅಣ್ಣ, ನಾನು, ಡ್ರಮ್ ಬಾರಿಸುವ ಅಂತೋಣಿ. ಅಂತೋಣಿ ಬ್ಲಾಕ್‌ಪಳ್ಳಿಯ ತಮಿಳರವನು. ಈಗ ಶಿವಾಜಿನಗರ ಅನ್ನುತ್ತಾರಲ್ಲ, ಅಲ್ಲಿ. ನಮ್ಮನ್ನು ಯಾಕೆ ಹಿಂದೆ ಕೂರಿಸಿದ್ದರು ಅಂತ ಯಾರೂ ಹೇಳಿರಲಿಲ್ಲ, ನಾವೂ ಕೇಳಿರಲಿಲ್ಲ. ಕೇಳುವಂಥದ್ದೇನೂ ಅದರಲ್ಲಿರಲಿಲ್ಲ. ನಮ್ಮ ನಾದ ಅವರಿಗೆ ಬೇಕಾಗಿತ್ತು, ಮುಖ ಬೇಕಾಗಿರಲಿಲ್ಲ, ಅಷ್ಟೇ.

ಆ ಕ್ಲಬ್ಬಿನಲ್ಲಿ ಒಂದು ವಿಚಿತ್ರ ಪದ್ಧತಿಯಿತ್ತು. ಶನಿವಾರದ ಕೊನೆಯ ವಾಲ್ಟ್ಸ್ ಕುಣಿತ ಮುಗಿಯುವಾಗ ಮಿಕ್ಕ ವಾದ್ಯಗಳೆಲ್ಲ ನಿಂತು ಅಣ್ಣನ ಕ್ಲಾರಿನೆಟ್ ಒಂದೇ ಕೊನೆಯ ಸ್ವರವನ್ನು ಹಿಡಿದಿರುತ್ತಿತ್ತು. ಆ ಸ್ವರ ಇರುವ ತನಕ ಕುಣಿಯುತ್ತಿದ್ದವರು ಇದ್ದ ಹಾಗೇ ನಿಲ್ಲಬೇಕು, ಅಲುಗಾಡಬಾರದು. ಅಲುಗಾಡಿದವರು ಮುಂದಿನ ವಾರ ಎಲ್ಲರೆದುರು ಒಂದು ಹಾಡು ಹೇಳಬೇಕು. ಒಂಟಿಕಾಲಿನಲ್ಲಿ ಸಿಕ್ಕಿಬಿದ್ದ ಕರ್ನಲ್ಲುಗಳು, ನಗು ತಡೆಯಲಾರದೆ ಬಾಯಿ ಕಚ್ಚಿಕೊಂಡ ದೊರೆಸಾನಿಯರು, ನೋಡಲು ಮೋಜಾಗಿತ್ತಂತೆ. ನಮಗೆ ಬಿದಿರಿನ ಸಂದಿಯಲ್ಲಿ ಕಾಣುತ್ತಿದ್ದದ್ದು ಬರಿಯ ಕಾಲುಗಳು.

ಇದು ಯಾವ ದೊರೆ ಮಾಡಿದ ಆಟವೂ ಅಲ್ಲ, ನನ್ನ ಅಣ್ಣನ ತಪ್ಪಿನಿಂದ ಹುಟ್ಟಿದ್ದು. ಸೇರಿದ ಹೊಸದರಲ್ಲಿ ಒಂದು ಶನಿವಾರ ಕೊನೆಯ ಸ್ವರ ಹಿಡಿದ ಅಣ್ಣ, ಮಾಸ್ಟರು ಪರದೆಯ ಅಂಚಿನಲ್ಲಿ ಕೈ ಚಾಚಿ ಸನ್ನೆ ಮಾಡುವ ತನಕ ಬಿಡಬಾರದು ಅಂದುಕೊಂಡ. ಅವನ ಮಟ್ಟಿಗೆ ಅದು ತಾಳಿ ಕಟ್ಟುವ ಹೊತ್ತು. ಪುರೋಹಿತರು ಕೈಯೆತ್ತುವ ತನಕ ಶ್ರುತಿ ನಿಲ್ಲಿಸಿದವನುಂಟೆ? ಮಾಸ್ಟರು ಯಾರೊಂದಿಗೋ ಮಾತಿಗೆ ತಿರುಗಿ ಸನ್ನೆ ಮಾಡುವುದನ್ನೇ ಮರೆತರು. ಅಣ್ಣ ಊದುತ್ತಲೇ ಇದ್ದ. ಕುಣಿಯುತ್ತಿದ್ದವರು ಮುಗಿಯಿತೋ ಇಲ್ಲವೋ ತಿಳಿಯದೆ ಹಾಗೇ ನಿಂತರು. ಮನುಷ್ಯನಾದವನು ಇಷ್ಟು ಹೊತ್ತು ಉಸಿರು ಹಿಡಿಯುವುದು ಸಾಧ್ಯವಿಲ್ಲವೆಂದು ಅವರಿಗೆ ಆಶ್ಚರ್ಯ. ಕೊನೆಗೆ ನಿಂತಾಗ ಚಪ್ಪಾಳೆಯೋ ಚಪ್ಪಾಳೆ. ಮುಂದಿನ ವಾರ ಅದೇ ಬೇಕೆಂದರು, ಅದರ ಮುಂದಿನ ವಾರವೂ. ಮಾಸ್ಟರು ಅದು ತಮ್ಮದೇ ಉಪಾಯವೆಂಬಂತೆ ಬಾಗಿ ವಂದಿಸಿದರು. ಆ ಉದ್ದ ಸ್ವರ ಇಡೀ ದಂಡು ಪ್ರದೇಶದಲ್ಲಿ ಹೆಸರಾಯಿತು. ಊದುವವನ ಹೆಸರನ್ನು ಮಾತ್ರ ಯಾರೂ ಕೇಳಲಿಲ್ಲ.

ಅಣ್ಣನಿಗೆ ಅದರ ಬೇಸರವಿರಲಿಲ್ಲ. ಬೇಸರವಿದ್ದದ್ದು ನನಗೆ. ಅವನಿಗೆ ಆ ಸ್ವರವೇ ಸಾಕಾಗಿತ್ತು. ಅಪ್ಪನಿಂದ ಬಂದದ್ದು ತನ್ನಲ್ಲಿ ಉಳಿದಿದೆ, ಜಾಗ ಯಾವುದಾದರೇನು ಅನ್ನುವ ಮನುಷ್ಯ ಅವನು.

ಯುದ್ಧ ಜೋರಾಗಿದ್ದ ಒಂದು ಮಳೆಗಾಲದಲ್ಲಿ ಅವನಿಗೆ ಕೆಮ್ಮು ಹತ್ತಿತು. ಕಷಾಯ ಕುಡಿದ, ಮೆಣಸು ಅಗಿದ. ಒಂದು ಬೆಳಿಗ್ಗೆ ಅತ್ತಿಗೆ ಅವನ ಟವೆಲು ಒಗೆಯಲು ಹೋಗಿ ಕೂಗಿಕೊಂಡಳು. ಡಾಕ್ಟರು ಕ್ಷಯ ಅಂದರು. ಊದುವ ವಾದ್ಯವನ್ನು ಇನ್ನು ಮುಟ್ಟಲೇಕೂಡದು ಅಂದರು. ಅಣ್ಣ ಕ್ಲಾರಿನೆಟ್ಟನ್ನು ಬಿಚ್ಚಿ, ಒರೆಸಿ, ಪೆಟ್ಟಿಗೆಯಲ್ಲಿಟ್ಟು ನನ್ನ ಕೈಗೆ ಕೊಟ್ಟ.

ಮಾಸ್ಟರಿಗೆ ವಿಷಯ ಹೇಳಿದಾಗ ಅವರು ಕೇಳಿದ್ದು ಒಂದೇ, ಕೊನೆಯ ಸ್ವರ ನಿನ್ನ ಕೈಯಲ್ಲಿ ಆಗುತ್ತದೆಯೆ ಎಂದು. ಆಗುತ್ತದೆ ಅಂದೆ. ಆಗುವುದಿಲ್ಲ ಅಂದಿದ್ದರೆ ಬೇರೆ ಯಾರನ್ನೋ ತರುತ್ತಿದ್ದರು, ನಮ್ಮ ಮನೆಯ ಒಲೆ ಆರುತ್ತಿತ್ತು. ಇದು ನನ್ನ ಸಮಜಾಯಿಷಿ. ನಿಜ ಹೇಳಬೇಕೆಂದರೆ ಆ ಜಾಗದ ಮೇಲೆ ನನಗೆ ಬಹಳ ದಿನದಿಂದ ಕಣ್ಣಿತ್ತು. ಪರದೆಯ ಹಿಂದೆ ಯಾರು ಕೂತರೆ ಕುಣಿಯುವವರಿಗೇನು ಗೊತ್ತಾಗುತ್ತದೆ, ಯಾರಿಗೂ ಹೇಳಬೇಡ ಅಂದರು ಮಾಸ್ಟರು.

ಮೊದಲ ಶನಿವಾರ ಕೊನೆಯ ಸ್ವರದ ಅರ್ಧದಲ್ಲೇ ನನ್ನ ಉಸಿರು ಮುಗಿಯಿತು. ಚೊಂಬಿನ ಗುಳ್ಳೆ ನಿಂತ ಹಾಗೇ ನಿಂತಿತು. ಇನ್ನೇನು ಸಿಕ್ಕಿಬಿದ್ದೆ ಅನ್ನುವಷ್ಟರಲ್ಲಿ ಅಂತೋಣಿ ಡ್ರಮ್ಮಿನ ಪಕ್ಕದ ಕಂಚಿನ ತಟ್ಟೆಯನ್ನು ಕಡ್ಡಿಯಿಂದ ಗಲಗಲನೆ ಆಡಿಸಿಬಿಟ್ಟ. ಆ ಸದ್ದಿನ ಮರೆಯಲ್ಲಿ ನಾನು ಉಸಿರೆಳೆದು ಮತ್ತೆ ಹಿಡಿದೆ. ಹೊರಗಿನವರಿಗೆ ಸ್ವರ ಕಡಿದದ್ದೇ ಗೊತ್ತಾಗಲಿಲ್ಲ. ಇನ್ನು ಮುಂದೆ ಉಸಿರು ಬೇಕಾದಾಗ ಒಂದು ಸಲ ಕಾಲು ತಟ್ಟು ತಂಬಿ, ಉಳಿದದ್ದು ನನಗೆ ಬಿಡು ಅಂದ. ಅಂದಿನಿಂದ ಪ್ರತಿ ವಾರ ಅದೇ ನಡೆಯಿತು. ಕಾಲು ತಟ್ಟುತ್ತಿದ್ದೆ, ತಟ್ಟೆ ಗಲಗಲ ಅನ್ನುತ್ತಿತ್ತು, ಒಂದು ಕಳ್ಳ ಉಸಿರು ಒಳಗೆ ಹೋಗುತ್ತಿತ್ತು.

ಮನೆಗೆ ಬಂದರೆ ಅಣ್ಣ ಎದ್ದಿರುತ್ತಿದ್ದ. ಅವನು ನನ್ನನ್ನು ಕೇಳುತ್ತಿದ್ದದ್ದು ಒಂದೇ ಮಾತು. "ಕಡೀಲಿಲ್ಲ ತಾನೆ?"

"ಇಲ್ಲ ಅಣ್ಣ."

ಅಷ್ಟಕ್ಕೇ ಅವನ ಮುಖ ಅರಳುತ್ತಿತ್ತು. ಎಷ್ಟು ಹೊತ್ತು ಹಿಡಿದೆ, ಯಾರು ಮೊದಲು ಅಲುಗಾಡಿದರು ಅಂತ ವಿಚಾರಿಸುತ್ತಿದ್ದ. ನಾನು ಇದ್ದದ್ದಕ್ಕೆ ಇಲ್ಲದ್ದನ್ನು ಸೇರಿಸಿ ಹೇಳುತ್ತಿದ್ದೆ. ಮೇಜರೊಬ್ಬ ಕೈಯಲ್ಲಿ ಗ್ಲಾಸು ಹಿಡಿದುಕೊಂಡೇ ತೂಕಡಿಸಿದನಂತೆ, ಹೆಂಗಸೊಬ್ಬಳಿಗೆ ಸೀನು ಬಂದು ಒದ್ದಾಡಿದಳಂತೆ. ಅಣ್ಣ ನಗುತ್ತಿದ್ದ, ನಕ್ಕು ಕೆಮ್ಮುತ್ತಿದ್ದ. ಅಪ್ಪ ನಿನ್ನ ವಿಷಯದಲ್ಲಿ ಅವಸರಪಟ್ಟರು ಕಣೋ, ಇನ್ನೊಂದಿಷ್ಟು ದಿನ ಕಲಿಸಬೇಕಾಗಿತ್ತು ಅಂತ ಒಂದು ಸಲ ಅಂದ. ಆ ಮಾತು ಕೇಳಿ ನಾಚಿಕೆಯಾಗಬೇಕಾಗಿತ್ತು. ನನಗೆ ಆದದ್ದು ಸಂತೋಷ. ಹೀಗೆ ಮೂರು ತಿಂಗಳು ಸುಳ್ಳು ಹೇಳಿದೆ.

ಚಳಿ ಶುರುವಾಗುವ ಹೊತ್ತಿಗೆ ಅಣ್ಣ ಗೋಡೆಗೆ ಒರಗಿ ಕೂರುವುದೂ ಕಷ್ಟವಾಯಿತು. ಹೆಚ್ಚು ದಿನವಿಲ್ಲವೆಂದು ಅವನಿಗೂ ಗೊತ್ತಿತ್ತು, ನಮಗೂ ಗೊತ್ತಿತ್ತು. ಆ ವಾರದ ಗುರುವಾರ ನಾನು ಊಟಕ್ಕೆ ಕೂತಿದ್ದಾಗ ಅವನು ಹಾಸಿಗೆಯಿಂದಲೇ ಹೇಳಿದ:

"ಈ ಶನಿವಾರ ನಾನೂ ಬರ್ತೀನಿ ಕಣೋ. ಪರದೆ ಹಿಂದೆ ಒಂದು ಮೂಲೇಲಿ ಕೂತಿರ್ತೀನಿ. ಕೊನೇದೊಂದು ಕೇಳಿಸ್ಕೊಂಡು ಬಂದ್ಬಿಡ್ತೀನಿ."

 ನಿನ್ನ ಸ್ಥಿತಿಯಲ್ಲಿ ಹೇಗೆ ಅಂದೆ. ಜಟಕಾ ಕರೆಸು ಅಂದ. ಮಾಸ್ಟರು ಒಪ್ಪುವುದಿಲ್ಲ ಅಂದೆ. ನಾನಿಲ್ಲದಿದ್ದರೆ ಆ ಆಟವೆಲ್ಲಿರುತ್ತಿತ್ತು, ಒಂದು ದಿನಕ್ಕೆ ಒಪ್ಪಿಯಾರು, ಕೇಳಿ ನೋಡು ಅಂದ. ಕೆಮ್ಮು ಬಂದರೆ ಕುಣಿಯುವವರಿಗೆಲ್ಲ ಕೇಳಿಸುತ್ತದೆ, ಕ್ಷಯದವನನ್ನು ಒಳಗೆ ತಂದನೆಂದು ನನ್ನನ್ನು ಓಡಿಸುತ್ತಾರೆ ಅಂದೆ.

"ಕೆಮ್ಮಲ್ಲ. ಬಾಯಿಗೆ ಬಟ್ಟೆ ತುರುಕ್ಕೊಂಡು ಕೂತಿರ್ತೀನಿ."

ಅತ್ತಿಗೆ ಅಡುಗೆಮನೆಯಿಂದ ನನ್ನ ಮುಖವನ್ನೇ ನೋಡುತ್ತಿದ್ದಳು. ನಾನು ತಟ್ಟೆಯಿಂದ ತಲೆಯೆತ್ತಲಿಲ್ಲ. "ಬೇಡ ಅಣ್ಣ" ಅಂದೆ. ಅವನು ಗೋಡೆಯ ಕಡೆ ತಿರುಗಿ ಮಲಗಿದ.

ಮಾಸ್ಟರನ್ನು ನಾನು ಕೇಳಲೇ ಇಲ್ಲ. ಅಂತೋಣಿಗೆ ಹೇಳಿದೆ, ಅವನು ಕ್ಲಬ್ಬಿನ ಅಡುಗೆಮನೆಯ ಕಡೆಯ ಬಾಗಿಲಿನಿಂದ ಅಣ್ಣನನ್ನು ಎತ್ತಿಕೊಂಡಾದರೂ ತರುತ್ತೇನೆ, ಒಂದು ಗಂಟೆಯ ಮಾತು, ಯಾರಿಗೂ ತಿಳಿಯುವುದಿಲ್ಲ ಅಂದ. ಅದೂ ಬೇಡ ಅಂದೆ. ಕೆಮ್ಮಿನ ಹೆದರಿಕೆ, ಕೆಲಸದ ಹೆದರಿಕೆ ಎಲ್ಲ ಮೇಲುಮೇಲಿನದು. ಅಣ್ಣ ಪಕ್ಕದಲ್ಲಿ ಕೂತರೆ ಅಂತೋಣಿಯ ತಟ್ಟೆ ಅವನ ಕಿವಿಯನ್ನು ಮುಚ್ಚುವುದಿಲ್ಲ, ನನ್ನ ಕಳ್ಳ ಉಸಿರು ಅವನಿಗೆ ಗೊತ್ತಾಗಿಯೇ ಆಗುತ್ತದೆ. ಸಾಯುವವನ ಆಸೆಗಿಂತ ನನಗೆ ನನ್ನ ಮರ್ಯಾದೆ ದೊಡ್ಡದಾಯಿತು. ಇಷ್ಟನ್ನು ಬರೆಯಲು ನನಗೆ ಇಷ್ಟು ವರ್ಷ ಬೇಕಾಯಿತು.

ಶನಿವಾರ ಬಂತು. ಹೊರಡುವಾಗ ಅಣ್ಣನಿಗೆ ಹೇಳಿದೆ, ಅವನು ಗೋಡೆಯ ಕಡೆಗೇ ಮುಖ ಮಾಡಿ ಮಲಗಿದ್ದ. ಕೆರೆಯ ಪಕ್ಕದಿಂದ ಸೇಂಟ್ ಜಾನ್ಸ್ ರಸ್ತೆ ಹಿಡಿದು ಎಂದಿನಂತೆ ಹೋದೆ. ಕ್ಲಬ್ಬಿನಲ್ಲಿ ಅಂದು ಜನ ಹೆಚ್ಚಾಗಿದ್ದರು. ಯಾವುದೋ ರೆಜಿಮೆಂಟು ಮುಂದಿನ ವಾರ ಹಡಗು ಹತ್ತಲಿತ್ತು, ಅದರ ಆಫೀಸರುಗಳೆಲ್ಲ ಬಂದಿದ್ದರು. ನನ್ನ ಮೈಯಲ್ಲಿ ಏನೂ ತೊಂದರೆಯಿರಲಿಲ್ಲ. ಜ್ವರವಿರಲಿಲ್ಲ, ನಿದ್ದೆಗೆಟ್ಟಿರಲಿಲ್ಲ. ಕುಡಿಯುವ ಅಭ್ಯಾಸ ನನಗೆ ಅಂದೂ ಇರಲಿಲ್ಲ, ಇಂದೂ ಇಲ್ಲ. ಸಂಜೆಯಿಡೀ ಎಂದಿನ ಹಾಗೆ ನುಡಿಸಿದೆ, ಎಲ್ಲರಿಗೂ ಎಂದಿನ ಹಾಗೆ ಕೇಳಿಸಿತು.

ಕೊನೆಯ ವಾಲ್ಟ್ಸ್ ಬಂತು. ಅದರ ಕೊನೆಯಲ್ಲಿ ಪಿಯಾನೋ ನಿಂತಿತು, ಪಿಟೀಲು ನಿಂತಿತು. ನಾನು ಉದ್ದ ಸ್ವರವನ್ನು ಹಿಡಿದೆ. ಹಿಡಿದ ಕೂಡಲೇ ನನಗೇ ಬೆರಗಾಯಿತು. ನನ್ನ ಕ್ಲಾರಿನೆಟ್ಟಿನಿಂದ ಅಂಥ ನಾದ ಯಾವತ್ತೂ ಬಂದಿರಲಿಲ್ಲ. ತುಂಬು, ನಯ, ಒಂದಿಷ್ಟೂ ನಡುಕವಿಲ್ಲ. ನನ್ನ ಎರಡು ಕಿವಿಗಳಿಂದ ಕೇಳಿದ್ದೇನೆ, ಹಲ್ಲಿನಲ್ಲಿ ಅದರ ಅದುರು ತಿಳಿಯುತ್ತಿತ್ತು. ಅರ್ಧ ದಾಟಿದ ಮೇಲೆ ಕಾಲು ತಟ್ಟಿದೆ, ಅಂತೋಣಿಯ ತಟ್ಟೆ ಗಲಗಲ ಅಂದಿತು, ಉಸಿರೆಳೆದುಕೊಂಡೆ. ಅಂದು ಏನೋ ಆಸೆ ಹತ್ತಿತು, ಇನ್ನೂ ಹಿಡಿಯೋಣ, ಅಣ್ಣ ಹಿಡಿಯುತ್ತಿದ್ದಷ್ಟು ಹಿಡಿಯೋಣ ಅಂತ. ಹಾಗಾಗಿ ಕೊನೆಯ ಹತ್ತಿರ ಇನ್ನೊಂದು ಉಸಿರು ಬೇಕಾಯಿತು. ಅದಕ್ಕೆ ಕಾಲು ತಟ್ಟಲಿಲ್ಲ. ತುಟಿಯ ಮೂಲೆಯಿಂದ ಚೂರೇ ಚೂರು ಕದ್ದೆ. ಆಮೇಲೆ ಸ್ವರವನ್ನು ಸಣ್ಣಗೆ ಮಾಡುತ್ತ ತಂದು ನಿಲ್ಲಿಸಿದೆ.

ಚಪ್ಪಾಳೆಗೆ ಕಾದೆ. ಬರಲಿಲ್ಲ. ಬಿದಿರಿನ ಸಂದಿಯಲ್ಲಿ ಕಾಲುಗಳು ಅತ್ತಿತ್ತ ಸರಿದಾಡುತ್ತಿದ್ದವು. ಗುಸುಗುಸು ಕೇಳಿಸಿತು, ಯಾರೋ ನಕ್ಕರು, ಇನ್ಯಾರೋ ಒಂದೊಂದೇ ಚಪ್ಪಾಳೆಯನ್ನು ನಿಧಾನವಾಗಿ ತಟ್ಟಿದರು. ಅದು ಮೆಚ್ಚುಗೆಯ ಚಪ್ಪಾಳೆಯಲ್ಲ. ಪಿಂಟೋ ಮಾಸ್ಟರು ಪರದೆಯನ್ನು ಸರಿಸಿ ಒಳಗೆ ಬಂದರು. ಮುಖ ಕೆಂಪಾಗಿತ್ತು. ಯಾಕೆ ಊದಲಿಲ್ಲ ಅಂದರು.

ತಮಾಷೆ ಮಾಡುತ್ತಿದ್ದಾರೆ ಅಂದುಕೊಂಡು ನಾನು ನಕ್ಕೆ. ಅವರು ಬಗ್ಗಿ ನನ್ನ ಬಾಯಿಯ ವಾಸನೆ ನೋಡಿದರು. ಅವರು ಹೇಳಿದ ಪ್ರಕಾರ, ವಾದ್ಯಗಳೆಲ್ಲ ನಿಂತ ಮೇಲೆ ಸಭೆಯಲ್ಲಿ ಸದ್ದೇ ಇರಲಿಲ್ಲ. ಕುಣಿಯುತ್ತಿದ್ದವರು ಸ್ವರಕ್ಕಾಗಿ ಕಾದು ನಿಂತರು, ನಡುವೆ ಯಾಕೋ ಕಂಚಿನ ತಟ್ಟೆಯೊಂದು ಗಲಗಲ ಅಂದಿತು, ಮತ್ತೆ ಏನೂ ಇಲ್ಲ. ಹಡಗು ಹತ್ತುವವರ ಕಡೆಯ ಶನಿವಾರವನ್ನು ನಾನು ಕೆಡಿಸಿದ್ದೆ. ಮಾಸ್ಟರು ನನ್ನ ಕ್ಲಾರಿನೆಟ್ ಕಿತ್ತುಕೊಂಡು ತಾವೇ ಊದಿದರು. ಅದು ಚೆನ್ನಾಗಿಯೇ ನುಡಿಯಿತು. ಮುಂದಿನ ವಾರದಿಂದ ಬರಬೇಡ ಅಂತ ಹೇಳಿ ಹೊರಟುಹೋದರು.

ನಾನು ಅಂತೋಣಿಯ ಕಡೆ ತಿರುಗಿದೆ. ಅವನು ನನ್ನನ್ನು ನೋಡುತ್ತಿದ್ದ ರೀತಿ ನನಗೆ ಹಿಡಿಸಲಿಲ್ಲ. ಎದೆಯ ಮೇಲಿನ ಶಿಲುಬೆಯನ್ನು ಕೈಯಲ್ಲಿ ಹಿಡಿದುಕೊಂಡಿದ್ದ.

"ಕೆನ್ನೆ ಉಬ್ಬಿತ್ತು ತಂಬಿ, ಬೆರಳೂ ಸರಿಯಾಗಿತ್ತು, ಮುಖದಲ್ಲಿ ಬೆವರು ಇಳೀತಿತ್ತು. ಸದ್ದು ಮಾತ್ರ ಇಲ್ಲ. ನೀನು ಕಾಲು ತಟ್ಟಿದೆ, ಅದಕ್ಕೆ ತಟ್ಟೆ ಆಡಿಸ್ದೆ. ನನ್ನ ತಟ್ಟೆ ಒಂದೇ ಕೇಳಿಸ್ತು. ಸತ್ಯವಾಗ್ಲೂ."

ಸುಳ್ಳು ಹೇಳುವ ಮನುಷ್ಯನಲ್ಲ ಅವನು. ಮೂರು ತಿಂಗಳು ನನಗೋಸ್ಕರ ಸುಳ್ಳು ಬಾರಿಸಿದ್ದ, ಆ ಮಾತು ಬೇರೆ. ನಾನು ಪೆಟ್ಟಿಗೆ ಎತ್ತಿಕೊಂಡು ಸೈಕಲ್ ಹತ್ತಿದೆ. ಅಂತೋಣಿ ಡ್ರಮ್ಮು ಬಿಚ್ಚಿ ಕಟ್ಟಲು ಅಲ್ಲೇ ಉಳಿದ. ಇದನ್ನು ಯಾಕೆ ಹೇಳುತ್ತಿದ್ದೇನೆಂದರೆ, ನನಗಿಂತ ಮೊದಲು ಯಾರೂ ನಮ್ಮ ಮನೆಗೆ ಹೋಗಿ ಸುದ್ದಿ ಮುಟ್ಟಿಸಿರಲು ಸಾಧ್ಯವಿರಲಿಲ್ಲ.

ದಾರಿಯುದ್ದಕ್ಕೂ ನನಗೆ ಬಂದದ್ದು ಹೆದರಿಕೆಯಲ್ಲ, ಸಿಟ್ಟು. ಅದೂ ಅಣ್ಣನ ಮೇಲೆ. ಗೋಡೆ ಕಡೆ ತಿರುಗಿ ಮಲಗಿ ನನ್ನನ್ನು ಶಪಿಸಿದ, ಅವನ ಹೊಟ್ಟೆಯುರಿ ನನ್ನ ಅನ್ನಕ್ಕೆ ಕಲ್ಲು ಹಾಕಿತು ಅಂತ ಮನಸ್ಸಿನಲ್ಲೇ ಬೈದೆ. ಅಂಥದ್ದನ್ನೆಲ್ಲ ನಂಬದವನು ನಾನು. ಸಿಟ್ಟು ಬಂದಾಗ ಯಾರು ಏನನ್ನು ಬೇಕಾದರೂ ನಂಬುತ್ತಾರೆ.

ಮನೆಯ ಮುಂದೆ ಅತ್ತಿಗೆ ಹೊಸ್ತಿಲ ಮೇಲೆ ಕೂತಿದ್ದಳು. ನನ್ನನ್ನು ಕಂಡು ಎದ್ದು ಹತ್ತಿರ ಬಂದು, ಒಳಗೆ ಕೇಳಿಸದ ಹಾಗೆ ಮಾತಾಡಿದಳು.

"ನಿಮ್ಮಣ್ಣ ಇವತ್ತು ಒಂಥರಾ ಆಡಿದ್ರು ಕಣಪ್ಪ. ಹಿತ್ತಲಲ್ಲಿ ಪಾತ್ರೆ ತೊಳೀತಿದ್ದೆ. ಸದ್ದು ನಿಲ್ಸು, ಅವ್ನು ನುಡಿಸ್ತಿದಾನೆ ಅಂದ್ರು. ಯಾರ ಆಸರೇನೂ ಇಲ್ದೆ ಎದ್ದು ಕೂತಿದ್ರು. ನಂಗೇನೂ ಕೇಳಿಸ್ಲಿಲ್ಲ. ಜ್ವರ ತಲೆಗೇರಿತೇನೋ ಅಂತ ಭಯ ಆಯ್ತು."

ಎಷ್ಟು ಹೊತ್ತಿಗೆ ಅಂತ ಕೇಳಿದೆ. ನಮ್ಮ ಮನೆಯಲ್ಲಿ ಗಡಿಯಾರವಿರಲಿಲ್ಲ. ಪಕ್ಕದ ಮನೆಯವರು ಊಟ ಮುಗಿಸಿ ಬಾಗಿಲು ಹಾಕಿಕೊಂಡ ಸ್ವಲ್ಪ ಹೊತ್ತಿಗೆ ಅಂದಳು. ಲೆಕ್ಕ ಹಾಕಿದರೆ ಒಂಬತ್ತರ ಮೇಲಾಗುತ್ತದೆ, ನಾನು ಕೊನೆಯ ಸ್ವರ ಹಿಡಿದಿದ್ದ ಹೊತ್ತು. ಹಲಸೂರಿನ ನಮ್ಮ ಬೀದಿಗೂ ಆ ಕ್ಲಬ್ಬಿಗೂ ಎರಡು ಮೈಲಿಗೆ ಕಡಿಮೆಯಿಲ್ಲ, ನಡುವೆ ರೈಲು ಹಳಿ ಬೇರೆ.

ಒಳಗೆ ಹೋದೆ. ಅಣ್ಣ ಮಲಗಿದ್ದ, ಕಣ್ಣು ತೆರೆದಿತ್ತು. ಮುಖದಲ್ಲಿ ಸಿಟ್ಟಿರಲಿಲ್ಲ. ಯಾವತ್ತೂ ಕೇಳುತ್ತಿದ್ದ ಪ್ರಶ್ನೆಯನ್ನು ಅಂದು ಕೇಳಲಿಲ್ಲ. ನಾನು ಪೆಟ್ಟಿಗೆಯನ್ನು ಕೆಳಗಿಡುತ್ತಿದ್ದಾಗ ಅವನು ಅಂದ:

"ಎರಡು ಸಲ ಉಸಿರು ತಗೊಂಡೆ. ಮೊದಲ್ನೇದನ್ನ ಅಂತೋಣಿ ಮುಚ್ಚಿದ. ಎರಡ್ನೇದನ್ನ ಯಾರು ಮುಚ್ತಾರೋ?"

 ಅಂತೋಣಿಯ ತಟ್ಟೆಯ ವಿಷಯವನ್ನು ಅವನಿಗೆ ನಾನು ಹೇಳಿರಲಿಲ್ಲ, ಅಂತೋಣಿ ಆ ಮೂರು ತಿಂಗಳಲ್ಲಿ ನಮ್ಮ ಮನೆಗೆ ಬಂದೇ ಇರಲಿಲ್ಲ. ಇರಲಿ, ಅಣ್ಣ ಕಸುಬಿನವನು, ನನ್ನ ಶಕ್ತಿ ಎಷ್ಟೆಂದು ಬಲ್ಲವನು, ಊಹಿಸಿದ ಅನ್ನೋಣ. ಆದರೆ ಎರಡನೆಯ ಉಸಿರು? ಅದಕ್ಕೆ ನಾನು ಕಾಲನ್ನೂ ತಟ್ಟಿರಲಿಲ್ಲ. ಪಕ್ಕದಲ್ಲಿ ಕೂತ ಅಂತೋಣಿಗೇ ಗೊತ್ತಿಲ್ಲದ್ದು ಅದು. ಭೂಮಿಯ ಮೇಲೆ ನನಗೊಬ್ಬನಿಗೆ ಗೊತ್ತಿತ್ತು.

ಮುಂದೆ ನಾನು ಇದನ್ನು ಬಲ್ಲವರ ಹತ್ತಿರ ಹೇಳಿಕೊಂಡದ್ದುಂಟು. ಡಾಕ್ಟರೊಬ್ಬರು, ಮನಸ್ಸಿಗೆ ವಿಪರೀತ ಭಾರವಾದಾಗ ಮನುಷ್ಯ ಮಾಡದ್ದನ್ನು ಮಾಡಿದೆನೆಂದು ನಂಬುವುದುಂಟು, ನೀವು ಊದಲೇ ಇಲ್ಲ, ಊದಿದಂತೆ ಭ್ರಮೆ ಅಂದರು. ಒಪ್ಪೋಣ. ರೋಗಿಯ ಕಿವಿಗೆ ಬೇಕಾದದ್ದು ಕೇಳಿಸುತ್ತದೆ, ಶನಿವಾರ ಆ ಹೊತ್ತಿಗೆ ಅವನು ಅದನ್ನೇ ಕಾಯುತ್ತಿದ್ದ, ಅದೂ ಭ್ರಮೆ ಅಂದರು. ಅದನ್ನೂ ಒಪ್ಪೋಣ. ಆದರೆ ಇಬ್ಬರ ಭ್ರಮೆಯೂ ಒಂದೇ ಜಾಗದಲ್ಲಿ ಉಸಿರು ತೆಗೆದುಕೊಂಡದ್ದು ಹೇಗೆ ಅಂತ ಕೇಳಿದರೆ ಅವರು ಕನ್ನಡಕ ಒರೆಸಿಕೊಂಡರು. ಕಾಕತಾಳೀಯ ಅಂದರು. ಆ ಮಾತು ಹೇಳುವುದಕ್ಕೆ ಡಾಕ್ಟರೇ ಬೇಕಾಗಿರಲಿಲ್ಲ.

ಬೇರೆಯವರು ಇದಕ್ಕೆ ಇನ್ನೊಂದು ಬಣ್ಣ ಕೊಡುತ್ತಾರೆ. ನೋಡಿ, ಅಣ್ಣನ ಆಸೆ ಎಷ್ಟು ದೊಡ್ಡದು, ನಿಮ್ಮ ಪ್ರೀತಿ ಎಷ್ಟು ದೊಡ್ಡದು, ಸ್ವರ ದೊರೆಗಳನ್ನು ಬಿಟ್ಟು ಅವನನ್ನು ಹುಡುಕಿಕೊಂಡು ಹೋಯಿತು ಅನ್ನುತ್ತಾರೆ. ಕೇಳಲು ಚೆನ್ನಾಗಿದೆ. ನನ್ನ ಪ್ರೀತಿ ಎಷ್ಟಿತ್ತೆಂದು ನನಗೆ ಗೊತ್ತು. ಅವನಿಗೆ ನಾನು ಕಳಿಸಿದ್ದು ಏನೂ ಇಲ್ಲ. ಕಳಿಸಬೇಕೆಂದಿದ್ದರೆ ಒಂದು ಜಟಕಾ ಕಳಿಸಬಹುದಾಗಿತ್ತು.

ಕ್ಲಬ್ಬಿನವರು ಮುಂದಿನ ಶನಿವಾರದಿಂದ ಆ ಆಟವನ್ನೇ ನಿಲ್ಲಿಸಿದರಂತೆ. ನಾನು ಮನೆಯಲ್ಲೇ ಉಳಿದೆ. ಇನ್ನು ಹೊತ್ತು ಬೇಕಾದಷ್ಟಿತ್ತು. ಒಂದು ಸಂಜೆ ಕ್ಲಾರಿನೆಟ್ ಜೋಡಿಸಿಕೊಂಡು ಅಣ್ಣನ ಹಾಸಿಗೆಯ ಪಕ್ಕ ಕೂತು, ನುಡಿಸಲೇ ಅಂತ ಕೇಳಿದೆ. ಬೇಡ ಅಂತ ಕೈಯಾಡಿಸಿದ. ಮೂರು ತಿಂಗಳ ಸುಳ್ಳಿಗೆ ಒಂದು ಮಾತು ಬೈದಿದ್ದರೂ ನನಗೆ ಹಗುರಾಗುತ್ತಿತ್ತು. ಬೈಯಲಿಲ್ಲ. ಕೊನೆಗೆ ತಡೆಯಲಾರದೆ ಕೇಳಿಯೇಬಿಟ್ಟೆ, ಅವತ್ತು ನಿನಗೆ ಹೇಗೆ ಕೇಳಿಸಿತು, ಎಲ್ಲಿಂದ ಕೇಳಿಸಿತು, ನಿಜ ಹೇಳು ಅಂತ. ಅಲ್ಲಿ ಯಾರಿಗೂ ಕೇಳಿಸಲಿಲ್ಲ ಅಣ್ಣ ಅಂತಲೂ ಹೇಳಿದೆ. ಅದನ್ನು ಕೇಳಿ ಅವನಿಗೆ ಆಶ್ಚರ್ಯವಾದಂತೆ ಕಾಣಲಿಲ್ಲ. 

"ಬರ್ತೀನಿ ಅಂದಾಗ ಬೇಡ ಅಂದ್ಬಿಟ್ಟೆ. ಈಗ ಅದು ನನ್ನದು ಕಣೋ. ನಿಂಗ್ಯಾಕೆ ಹೇಳ್ಬೇಕು?"

ಮತ್ತೆ ಮತ್ತೆ ಕೇಳಿದೆ, ಕಾಲು ಹಿಡಿದು ಕೇಳಿದೆ. ಅತ್ತಿಗೆಯ ಕೈಯಲ್ಲೂ ಕೇಳಿಸಿದೆ. ಅವನು ನಕ್ಕು ಬೇರೆ ಮಾತು ತೆಗೆಯುತ್ತಿದ್ದ. ಆ ಸಂಜೆಯಿಂದ ನಾಲ್ಕನೆಯ ದಿನ ಬೆಳಗಿನ ಜಾವ ಹೋಗಿಬಿಟ್ಟ. ನನಗೆ ಹೇಳಲೇ ಇಲ್ಲ.